ಗೃಹ ವಿಡಿಯೋ ದೃಶ್ಯಗಳನ್ನು ಗಣಕಯಂತ್ರದಲ್ಲಿ ಸಂಕಲನ ಮಾಡುವ ಕ್ರಮ: ಆರಂಭಿಕರಿಗೆ ಮಾಹಿತಿ

1. ಪೀಠಿಕೆ

ವಿವಾಹ, ಗೃಹಪ್ರವೇಶ, ನಾಮಕರಣ, ಊರ ಜಾತ್ರೆ ಮುಂತಾದ ಸಂದರ್ಭಗಳ ವಿಡಿಯೋ ಚಿತ್ರಣವು ಅನೇಕ ಕುಟುಂಬಗಳಲ್ಲಿ ಕ್ಯಾಸೆಟ್, ಸಿ.ಡಿ., ಡಿ.ವಿ.ಡಿ. ಹಾಗೂ ಮೊಬೈಲ್ ದೂರವಾಣಿಗಳಲ್ಲಿ ಹಂಚಿಹೋಗಿರುತ್ತದೆ. ಮೂರು ಗಂಟೆಗಳ ಚಿತ್ರಣವನ್ನು ಪೂರ್ಣವಾಗಿ ವೀಕ್ಷಿಸಲು ಮನೆಯಲ್ಲಿ ಯಾರಿಗೂ ಬಿಡುವಿರುವುದಿಲ್ಲ. ಅದನ್ನೇ ಇಪ್ಪತ್ತು ನಿಮಿಷಗಳಿಗೆ ಸಂಕಲಿಸಿದಲ್ಲಿ ಎಲ್ಲರೂ ಕುಳಿತು ನೋಡುತ್ತಾರೆ. ಈ ಕಾರ್ಯವನ್ನು ಸಾಮಾನ್ಯ ಗಣಕಯಂತ್ರದಲ್ಲಿ, ಉಚಿತ ತಂತ್ರಾಂಶದ ನೆರವಿನಿಂದ ನಾಗರಿಕರು ಸ್ವತಃ ಕೈಗೊಳ್ಳಬಹುದು.

ಆದರೆ ಸಂಕಲನವೆಂದರೆ ಬೇಡವಾದುದನ್ನು ಕತ್ತರಿಸುವ ಕೆಲಸ. ಕತ್ತರಿಸುವವರಿಗೆ ಬೇಡವೆಂದು ತೋರಿದ ದೃಶ್ಯವು ಕುಟುಂಬದ ಹಿರಿಯರೊಬ್ಬರ ಏಕೈಕ ಚಲನಚಿತ್ರ ದಾಖಲೆಯಾಗಿರುವ ಸಾಧ್ಯತೆ ಇರುತ್ತದೆ. ಆದುದರಿಂದ ಸಂಕಲನದ ವಿಧಾನದೊಂದಿಗೆ, ಅದಕ್ಕೆ ಮೊದಲು ಪಾಲಿಸಬೇಕಾದ ಕ್ರಮಗಳನ್ನೂ ಇಲ್ಲಿ ವಿವರಿಸಲಾಗಿದೆ.

2. ಕಡ್ಡಾಯವಾಗಿ ಪಾಲಿಸಬೇಕಾದ ಮೂರು ನಿಯಮಗಳು

(ಅ) ಮೂಲ ಚಿತ್ರಣವನ್ನು ಎಂದಿಗೂ ತಿದ್ದಬಾರದು. ಲೆಕ್ಕಪತ್ರದಲ್ಲಿ ಮೂಲ ವೋಚರನ್ನು ಹಾಗೆಯೇ ಕಾದಿರಿಸಿ ಲೆಡ್ಜರಿನಲ್ಲಿ ನಮೂದು ಮಾಡುವಂತೆ, ಮೂಲ ಕಡತವನ್ನು ಪ್ರತ್ಯೇಕವಾಗಿರಿಸಿ ಅದರ ಪ್ರತಿಯ ಮೇಲೆ ಮಾತ್ರ ಕೆಲಸ ಮಾಡತಕ್ಕದ್ದು.

(ಆ) ಚಿತ್ರಣವನ್ನು ಕತ್ತರಿಸುವುದಕ್ಕೆ ಮೊದಲು ಮನೆಯ ಹಿರಿಯರೊಂದಿಗೆ ಒಮ್ಮೆ ಪೂರ್ಣವಾಗಿ ವೀಕ್ಷಿಸಿ, ಕಾಣುವವರ ಹೆಸರು ಮತ್ತು ಸಂಬಂಧವನ್ನು ಬರೆದುಕೊಳ್ಳತಕ್ಕದ್ದು.

(ಇ) ಅಂತಿಮ ಚಿತ್ರ ಸಿದ್ಧವಾದ ನಂತರವೂ ಮೂಲ ಕ್ಯಾಸೆಟ್ ಅಥವಾ ಮೂಲ ಕಡತವನ್ನು ವಿಲೇವಾರಿ ಮಾಡಬಾರದು.

3. ದೃಶ್ಯಗಳನ್ನು ಗಣಕಯಂತ್ರಕ್ಕೆ ವರ್ಗಾಯಿಸುವುದು

3.1 ವಿ.ಎಚ್.ಎಸ್. ಕ್ಯಾಸೆಟ್

ವಿ.ಎಚ್.ಎಸ್. ಪದ್ಧತಿಯು 1976ರಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂದಿತು. ಇದರ ಪ್ಲೇಯರ್‌ಗಳನ್ನು ತಯಾರಿಸುತ್ತಿದ್ದ ಜಪಾನಿನ ಫುನಾಯ್ ಸಂಸ್ಥೆಯು ಸಹ 2016ರ ಜುಲೈ ತಿಂಗಳಲ್ಲಿ ಉತ್ಪಾದನೆಯನ್ನು ನಿಲ್ಲಿಸಿದೆ. ಕ್ಯಾಸೆಟ್ ಚೆನ್ನಾಗಿದ್ದರೂ ಅದನ್ನು ನಡೆಸುವ ಯಂತ್ರವು ದೊರೆಯುವುದು ದಿನೇ ದಿನೇ ಕಠಿಣವಾಗುತ್ತಿರುವುದರಿಂದ, ವರ್ಗಾವಣೆಯನ್ನು ಮುಂದೂಡದಿರುವುದು ಸೂಕ್ತ. ಸಂಕಲನವನ್ನು ಬಿಡುವಾದಾಗ ಮಾಡಿಕೊಳ್ಳಬಹುದು. ವರ್ಗಾವಣೆಯನ್ನು ಹಾಗೆ ಬಿಡಲಾಗದು.

ವರ್ಗಾವಣೆಗೆ ಮೊದಲು ಗಮನಿಸಬೇಕಾದ ಅಂಶಗಳು:

- ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿರುವ ಚಿಕ್ಕ ಪ್ಲಾಸ್ಟಿಕ್ ಪಟ್ಟಿಯನ್ನು ಮುರಿದು ತೆಗೆಯುವುದು. ಇದರಿಂದ ಅಕಸ್ಮಾತ್ ರೆಕಾರ್ಡ್ ಗುಂಡಿ ಒತ್ತಿದರೂ ಹಳೆಯ ಚಿತ್ರಣದ ಮೇಲೆ ಹೊಸದು ಮುದ್ರಿತವಾಗುವುದಿಲ್ಲ.
- ಕಿಂಡಿಯ ಮೂಲಕ ಟೇಪಿನ ಸುರುಳಿಯನ್ನು ಪರಿಶೀಲಿಸುವುದು. ಕರಾವಳಿ ಮತ್ತು ಮಲೆನಾಡಿನ ತೇವದ ಹವೆಯಲ್ಲಿ ಇರಿಸಿದ ಕ್ಯಾಸೆಟ್ಟುಗಳಲ್ಲಿ ಬಿಳಿಯ ಬೂಷ್ಟು ಹಿಡಿದಿರಬಹುದು. ಅಂತಹ ಕ್ಯಾಸೆಟ್ಟನ್ನು ಪ್ಲೇಯರಿನಲ್ಲಿ ಹಾಕಬಾರದು. ಹಾಕಿದಲ್ಲಿ ಟೇಪು ಹರಿಯಬಹುದು. ಪ್ಲೇಯರಿನ ಹೆಡ್ ಕೆಟ್ಟು, ನಂತರ ಹಾಕುವ ಕ್ಯಾಸೆಟ್ಟುಗಳಿಗೂ ಬೂಷ್ಟು ಹರಡಬಹುದು. ಇದನ್ನು ಅನುಭವಿಗಳಿಂದ ಸ್ವಚ್ಛಗೊಳಿಸಿಕೊಳ್ಳುವುದು.
- ಮುಖ್ಯವಲ್ಲದ ಬೇರೊಂದು ಕ್ಯಾಸೆಟ್ಟನ್ನು ಮೊದಲು ಹಾಕಿ, ಪ್ಲೇಯರ್ ಟೇಪನ್ನು ಎಳೆದು ಸಿಕ್ಕಿಸುತ್ತಿಲ್ಲವೆಂದು ಖಚಿತಪಡಿಸಿಕೊಳ್ಳುವುದು.

ಪ್ಲೇಯರಿನ ಹಳದಿ (ಚಿತ್ರ), ಬಿಳಿ ಮತ್ತು ಕೆಂಪು (ಧ್ವನಿ) ತಂತಿಗಳನ್ನು ಯು.ಎಸ್.ಬಿ. ವಿಡಿಯೋ ಕ್ಯಾಪ್ಚರ್ ಸಾಧನಕ್ಕೆ ಜೋಡಿಸಿ, ಅದನ್ನು ಗಣಕಯಂತ್ರಕ್ಕೆ ಸಂಪರ್ಕಿಸಬೇಕು. ಸಾಧನದೊಂದಿಗೆ ಬರುವ ತಂತ್ರಾಂಶ ಅಥವಾ ಉಚಿತವಾಗಿ ದೊರೆಯುವ ಓಬಿಎಸ್ ಸ್ಟುಡಿಯೋ ತಂತ್ರಾಂಶದಲ್ಲಿ ದಾಖಲು ಮಾಡಬಹುದು. ಭಾರತದಲ್ಲಿ ಬಳಕೆಯಲ್ಲಿದ್ದ ಪದ್ಧತಿಯು ಪಾಲ್ ಆಗಿರುವುದರಿಂದ ಪಾಲ್, 720×576, ಸೆಕೆಂಡಿಗೆ 25 ಚೌಕಟ್ಟು ಎಂಬುದನ್ನು ಆಯ್ಕೆ ಮಾಡಬೇಕು. ಅಮೆರಿಕದಲ್ಲಿ ನೆಲೆಸಿರುವ ಬಂಧುಗಳು ಅಲ್ಲಿಯೇ ಚಿತ್ರಿಸಿ ಕಳುಹಿಸಿದ ಕ್ಯಾಸೆಟ್ಟುಗಳು ಎನ್.ಟಿ.ಎಸ್.ಸಿ. ಪದ್ಧತಿಯಲ್ಲಿ ಇರುತ್ತವೆ. ಆಯ್ಕೆ ತಪ್ಪಿದಲ್ಲಿ ಚಿತ್ರವು ಕಪ್ಪು-ಬಿಳುಪಾಗಿ ಅಥವಾ ಮೇಲೆ-ಕೆಳಗೆ ಉರುಳುತ್ತಿರುವಂತೆ ಕಾಣಬಹುದು.

ಮೂರು ಗಂಟೆಯ ಕ್ಯಾಸೆಟ್ ವರ್ಗಾವಣೆಗೆ ಮೂರು ಗಂಟೆ ಬೇಕಾಗುತ್ತದೆ. ಇದನ್ನು ವೇಗಗೊಳಿಸಲು ಸಾಧ್ಯವಿಲ್ಲ. ಇದೇ ಅವಧಿಯನ್ನು ಹಿರಿಯರೊಂದಿಗೆ ವೀಕ್ಷಿಸಲು ಬಳಸಿಕೊಂಡಲ್ಲಿ ಎರಡೂ ಕಾರ್ಯಗಳು ಒಟ್ಟಿಗೆ ಮುಗಿಯುತ್ತವೆ.

3.2 ಮಿನಿ ಡಿ.ವಿ. ಕ್ಯಾಸೆಟ್

ಇದು ಡಿಜಿಟಲ್ ಪದ್ಧತಿಯಾಗಿದ್ದು, ಫೈರ್‌ವೈರ್ ತಂತಿಯ ಮೂಲಕ ವರ್ಗಾಯಿಸಿದಲ್ಲಿ ಗುಣಮಟ್ಟ ಕುಂದುವುದಿಲ್ಲ. ಒಂದು ಗಂಟೆಯ ಚಿತ್ರಣಕ್ಕೆ ಸುಮಾರು 13 ಗಿಗಾಬೈಟ್ ಸ್ಥಳ ಬೇಕು. ಈಗಿನ ಗಣಕಯಂತ್ರಗಳಲ್ಲಿ ಫೈರ್‌ವೈರ್ ಕಿಂಡಿ ಸಾಮಾನ್ಯವಾಗಿ ಇರುವುದಿಲ್ಲ. ಹಳೆಯ ಗಣಕಯಂತ್ರ ಉಳಿಸಿಕೊಂಡಿರುವ ಸ್ಟುಡಿಯೋಗಳಲ್ಲಿ ವಿಚಾರಿಸಬಹುದು.

3.3 ವಿ.ಸಿ.ಡಿ. ಮತ್ತು ಡಿ.ವಿ.ಡಿ.

ವಿ.ಸಿ.ಡಿ.ಯಲ್ಲಿರುವ ಎಂ.ಪಿ.ಇ.ಜಿ.ಎ.ವಿ. ಎಂಬ ಫೋಲ್ಡರಿನೊಳಗಿನ ಡಿ.ಎ.ಟಿ. ಕಡತವೇ ಚಿತ್ರಣವಾಗಿರುತ್ತದೆ. ಡಿ.ವಿ.ಡಿ.ಯಲ್ಲಿ ವಿಡಿಯೋ ಟಿ.ಎಸ್. ಎಂಬ ಫೋಲ್ಡರಿನಲ್ಲಿ ವಿ.ಓ.ಬಿ. ಕಡತಗಳು ಗರಿಷ್ಠ ಸುಮಾರು 1 ಗಿಗಾಬೈಟಿನ ತುಂಡುಗಳಾಗಿರುತ್ತವೆ. ಇವುಗಳನ್ನು ಗಣಕಯಂತ್ರಕ್ಕೆ ನಕಲಿಸಿಕೊಂಡು ವಿ.ಎಲ್.ಸಿ. ಎಂಬ ಉಚಿತ ತಂತ್ರಾಂಶದಲ್ಲಿ ಪರಿಶೀಲಿಸಬಹುದು. ಮನೆಯಲ್ಲಿ ಬರೆಯಿಸಿದ ಡಿಸ್ಕುಗಳು ಕಾಲಕ್ರಮೇಣ ಓದಲಾಗದ ಸ್ಥಿತಿ ತಲುಪುವುದರಿಂದ ನಕಲನ್ನು ವಿಳಂಬ ಮಾಡಬಾರದು.

3.4 ಮೊಬೈಲ್ ದೂರವಾಣಿ

ವಾಟ್ಸಾಪ್ ಮೂಲಕ ಸಾಮಾನ್ಯ ವಿಡಿಯೋ ಆಗಿ ಕಳುಹಿಸಿದ ದೃಶ್ಯದ ಗುಣಮಟ್ಟ ಕುಗ್ಗುತ್ತದೆ. ಚಿತ್ರಿಸಿದ ದೂರವಾಣಿಯಿಂದಲೇ ತಂತಿಯ ಮೂಲಕ ನಕಲಿಸಿಕೊಳ್ಳುವುದು ಅಥವಾ ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸುವಂತೆ ಬಂಧುಗಳನ್ನು ಕೋರುವುದು.

4. ಗಣಕಯಂತ್ರ ಮತ್ತು ಸ್ಥಳಾವಕಾಶ

8 ಗಿಗಾಬೈಟ್ ರ‍್ಯಾಮ್ ಇರುವ ಸಾಮಾನ್ಯ ಗಣಕಯಂತ್ರವು ಆರಂಭಿಕ ಕಾರ್ಯಕ್ಕೆ ಸಾಕಾಗುತ್ತದೆ. ಬೇಕಾಗುವ ಸ್ಥಳವನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ಸೆಕೆಂಡಿಗೆ 8 ಮೆಗಾಬಿಟ್ ದರದಲ್ಲಿ ದಾಖಲಿಸಿದ ಚಿತ್ರಣಕ್ಕೆ ಸೆಕೆಂಡಿಗೆ 1 ಮೆಗಾಬೈಟ್, ಗಂಟೆಗೆ 3.6 ಗಿಗಾಬೈಟ್, ಮೂರು ಗಂಟೆಗೆ 10.8 ಗಿಗಾಬೈಟ್ ಬೇಕಾಗುತ್ತದೆ. ಮೂಲ, ಕೆಲಸದ ಪ್ರತಿ ಮತ್ತು ಅಂತಿಮ ಚಿತ್ರ ಸೇರಿ ಇದರ ಮೂರು ಪಟ್ಟು ಖಾಲಿ ಸ್ಥಳ ಇರಿಸಿಕೊಳ್ಳುವುದು ಕ್ಷೇಮಕರ.

5. ತಂತ್ರಾಂಶದ ಆಯ್ಕೆ

ಹಿಂದೆ ಬಹುಜನರು ಬಳಸುತ್ತಿದ್ದ ವಿಂಡೋಸ್ ಮೂವಿ ಮೇಕರ್ ತಂತ್ರಾಂಶವನ್ನು ಮೈಕ್ರೋಸಾಫ್ಟ್ ಸಂಸ್ಥೆಯು 2017ರ ಜನವರಿಯಲ್ಲಿ ಸ್ಥಗಿತಗೊಳಿಸಿದೆ. ಅದೇ ಹೆಸರಿನಲ್ಲಿ ಅಪರಿಚಿತ ತಾಣಗಳು ನೀಡುವ ತಂತ್ರಾಂಶಗಳನ್ನು ಅಳವಡಿಸಿಕೊಳ್ಳಬಾರದು. ವಿಂಡೋಸ್ 11ರಲ್ಲಿ ಕ್ಲಿಪ್‌ಚಾಂಪ್, ಆಪಲ್ ಗಣಕಯಂತ್ರಗಳಲ್ಲಿ ಐಮೂವಿ ಲಭ್ಯವಿರುತ್ತವೆ. ಶಾಟ್‌ಕಟ್, ಓಪನ್‌ಶಾಟ್ ಮತ್ತು ಕೆಡೆನ್‌ಲೈವ್ ಮುಕ್ತ ತಂತ್ರಾಂಶಗಳಾಗಿದ್ದು, ಯಾವುದೇ ಶುಲ್ಕವಿರುವುದಿಲ್ಲ. ಇಲ್ಲಿ ಶಾಟ್‌ಕಟ್ ತಂತ್ರಾಂಶವನ್ನು ಆಧರಿಸಿ ಕ್ರಮವನ್ನು ವಿವರಿಸಲಾಗಿದೆ. ಇತರ ತಂತ್ರಾಂಶಗಳಲ್ಲಿ ಗುಂಡಿಗಳ ಸ್ಥಾನ ಬೇರೆಯಿದ್ದರೂ ಕೆಲಸದ ಕ್ರಮ ಒಂದೇ ಆಗಿರುತ್ತದೆ.

6. ದೃಶ್ಯಪಟ್ಟಿ ತಯಾರಿಸುವುದು

ಇದು ಸಂಕಲನದ ಅತ್ಯಂತ ಮುಖ್ಯ ಹಂತ. ಒಂದು ನೋಟ್ ಪುಸ್ತಕದಲ್ಲಿ ಸಮಯ, ದೃಶ್ಯ, ವ್ಯಕ್ತಿಗಳು, ನಿರ್ಣಯ ಎಂಬ ನಾಲ್ಕು ಕಲಂಗಳನ್ನು ಹಾಕಿಕೊಳ್ಳಬೇಕು. 1994ರ ವಿವಾಹವೊಂದರ ಕ್ಯಾಸೆಟ್ಟಿಗೆ ಮಾದರಿ ನಮೂದುಗಳು ಈ ಕೆಳಕಂಡಂತೆ ಇರಬಹುದು:

- 0:04:10ರಿಂದ 0:06:30 — ವರಪೂಜೆ — ವರ, ವಧುವಿನ ತಂದೆ-ತಾಯಿ — 40 ಸೆಕೆಂಡ್ ಇರಿಸುವುದು
- 0:52:00ರಿಂದ 0:55:20 — ಧಾರೆ, ಮಾಂಗಲ್ಯಧಾರಣೆ — ಪೂರ್ಣ ಇರಿಸುವುದು
- 1:20:00ರಿಂದ 1:41:00 — ಊಟದ ಪಂಕ್ತಿ — 1:27:15ರಲ್ಲಿ ಬಡಿಸುತ್ತಿರುವವರು ವರನ ಚಿಕ್ಕಪ್ಪ, ಈಗಿಲ್ಲ — 15 ಸೆಕೆಂಡ್ ಇರಿಸುವುದು
- 1:45:00ರಿಂದ 2:50:00 — ಆರತಕ್ಷತೆ, ಉಡುಗೊರೆ ಸಾಲು — 2:11:40ರಲ್ಲಿ ಕೋಲು ಹಿಡಿದು ವೇದಿಕೆ ಏರುವವರು ವಧುವಿನ ಅಜ್ಜಿ — ಪೂರ್ಣ ಇರಿಸುವುದು

ಪ್ರಾಯದವರು ಸಂಕಲನಕ್ಕೆ ಕುಳಿತಲ್ಲಿ ಊಟದ ಪಂಕ್ತಿ ಮತ್ತು ಉಡುಗೊರೆ ಸಾಲುಗಳನ್ನೇ ಮೊದಲು ತೆಗೆದುಹಾಕುತ್ತಾರೆ. ಒಂದೇ ಕೋನದಿಂದ ಒಂದು ಗಂಟೆಗೂ ಮೀರಿ ಚಿತ್ರಿಸಿದ, ಲೈಟಿನ ಬೆಳಕಿಗೆ ಕಣ್ಣು ಕಿರಿದಾಗಿಸಿಕೊಂಡು ನಿಂತ ನೆಂಟರ ಸಾಲು ಬೇಸರ ತರಿಸುವುದು ಸಹಜ. ಆದರೆ ವಿಡಿಯೋ ಚಿತ್ರಣವು ದುಬಾರಿಯಾಗಿದ್ದ ಆ ವರ್ಷಗಳಲ್ಲಿ ದೂರದ ಊರಿನ ನೆಂಟರು, ಮನೆಗೆಲಸದವರು, ಅಡುಗೆಯವರು, ನೆರೆಹೊರೆಯವರು ಕ್ಯಾಮೆರಾದ ಎದುರು ಬಂದಿದ್ದು ಬಹುಪಾಲು ಈ ಎರಡು ಜಾಗಗಳಲ್ಲಿಯೇ. ಅವರನ್ನು ಗುರುತಿಸಬಲ್ಲ ಹಿರಿಯರು ಇರುವಾಗಲೇ ಹೆಸರುಗಳನ್ನು ಬರೆದುಕೊಳ್ಳದಿದ್ದಲ್ಲಿ, ಮುಂದೆ ಎಷ್ಟೇ ಉತ್ತಮ ತಂತ್ರಾಂಶವಿದ್ದರೂ ಆ ಮಾಹಿತಿಯನ್ನು ಮರಳಿ ಪಡೆಯಲಾಗದು.

ಹಿರಿಯರು ದೃಶ್ಯ ನೋಡುತ್ತಾ ಹೇಳುವ ಮಾತುಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳುವುದು ಇನ್ನೂ ಉತ್ತಮ. ಅವರ ಒಪ್ಪಿಗೆಯಿದ್ದಲ್ಲಿ ಆ ಧ್ವನಿಯನ್ನೇ ಅಂತಿಮ ಚಿತ್ರದಲ್ಲಿ ವಿವರಣೆಯಾಗಿ ಬಳಸಬಹುದು.

7. ಸಂಕಲನದ ಹಂತಗಳು

ಹಂತ 1: ಹೊಸ ಪ್ರಾಜೆಕ್ಟ್. ಪ್ರಾಜೆಕ್ಟಿಗೆ ಹೆಸರು ಮತ್ತು ಫೋಲ್ಡರ್ ನೀಡಿ, ವಿಡಿಯೋ ಮೋಡ್ ಎಂಬಲ್ಲಿ ಆಟೋಮ್ಯಾಟಿಕ್ ಆಯ್ಕೆ ಮಾಡಿ. ಮೊದಲು ತೆರೆಯುವ ದೃಶ್ಯದ ಅಳತೆಯೇ ಪ್ರಾಜೆಕ್ಟಿನ ಅಳತೆಯಾಗುತ್ತದೆ.

ಹಂತ 2: ದೃಶ್ಯಗಳನ್ನು ಸೇರಿಸುವುದು. ಓಪನ್ ಫೈಲ್ ಮೂಲಕ ಕಡತ ತೆರೆದು, ಕೀಲಿಮಣೆಯ ‘ಎ’ ಕೀಲಿ ಒತ್ತಿದಲ್ಲಿ ಅದು ಕೆಳಭಾಗದ ಟೈಮ್‌ಲೈನ್ ಪಟ್ಟಿಗೆ ಸೇರುತ್ತದೆ.

ಹಂತ 3: ಕತ್ತರಿಸುವುದು. ದೃಶ್ಯಪಟ್ಟಿಯಲ್ಲಿ ಬರೆದ ಸಮಯಕ್ಕೆ ಗೆರೆಯನ್ನು ಎಳೆದು ‘ಎಸ್’ ಕೀಲಿ ಒತ್ತಿದಲ್ಲಿ ದೃಶ್ಯವು ಅಲ್ಲಿಗೆ ಎರಡು ತುಂಡಾಗುತ್ತದೆ. ಬೇಡದ ತುಂಡನ್ನು ಆಯ್ಕೆ ಮಾಡಿ ‘ಎಕ್ಸ್’ ಒತ್ತಿದಲ್ಲಿ ಅದು ಹೋಗಿ, ಮುಂದಿನ ತುಂಡು ಹತ್ತಿರ ಬಂದು ಸೇರುತ್ತದೆ. ‘ಝಡ್’ ಒತ್ತಿದಲ್ಲಿ ತುಂಡು ಹೋಗಿ ಖಾಲಿ ಜಾಗ ಉಳಿಯುತ್ತದೆ. ತಪ್ಪಾದಲ್ಲಿ ಕಂಟ್ರೋಲ್ ಮತ್ತು ‘ಝಡ್’ ಕೀಲಿಗಳನ್ನು ಒಟ್ಟಿಗೆ ಒತ್ತಿ ಹಿಂದಿನ ಸ್ಥಿತಿಗೆ ಮರಳಬಹುದು. ಈ ಕ್ರಿಯೆಗಳಿಂದ ಡಿಸ್ಕಿನಲ್ಲಿರುವ ಮೂಲ ಕಡತಕ್ಕೆ ಯಾವುದೇ ಬದಲಾವಣೆ ಆಗುವುದಿಲ್ಲ.

ಹಂತ 4: ಜೋಡಣೆ. ಘಟನೆಗಳನ್ನು ನಡೆದ ಕ್ರಮದಲ್ಲಿಯೇ ಇರಿಸುವುದು ಆರಂಭಿಕರಿಗೆ ಸೂಕ್ತ. ಒಂದು ದೃಶ್ಯದಿಂದ ಮತ್ತೊಂದಕ್ಕೆ ನೇರವಾಗಿ ಸಾಗುವುದೇ ಸಾಕು. ಒಂದು ದಿನ ಮುಗಿದು ಮತ್ತೊಂದು ದಿನ ಆರಂಭವಾಗುವಂತಹ ಕಡೆ ಮಾತ್ರ ಒಂದು ತುಂಡನ್ನು ಮತ್ತೊಂದರ ಅಂಚಿನ ಮೇಲೆ ಸ್ವಲ್ಪ ಎಳೆದಲ್ಲಿ, ಚಿತ್ರಗಳು ಒಂದರೊಳಗೊಂದು ಕರಗುವ ಪರಿಣಾಮ ದೊರೆಯುತ್ತದೆ. ಹೃದಯಾಕಾರ, ಹೂವಿನ ಚೌಕಟ್ಟು, ತಿರುಗುವ ಚಿತ್ರ ಮುಂತಾದ ಅಲಂಕಾರಗಳು ಮುಖಗಳನ್ನು ಮರೆಮಾಡುವುದರಿಂದ ಅವುಗಳನ್ನು ಮಿತವಾಗಿ ಬಳಸಬೇಕು.

ಹಂತ 5: ಉಳಿಸುವುದು. ಕಾಲಕಾಲಕ್ಕೆ ಪ್ರಾಜೆಕ್ಟನ್ನು ಸೇವ್ ಮಾಡುತ್ತಿರಬೇಕು. ಪ್ರಾಜೆಕ್ಟ್ ಕಡತದಲ್ಲಿ ದೃಶ್ಯಗಳು ಇರುವುದಿಲ್ಲ; ಯಾವ ಕಡತದಿಂದ ಯಾವ ಭಾಗ ಎಂಬ ಸೂಚನೆ ಮಾತ್ರ ಇರುತ್ತದೆ. ಆದುದರಿಂದ ಕೆಲಸದ ನಡುವೆ ದೃಶ್ಯಗಳ ಫೋಲ್ಡರನ್ನು ಬೇರೆಡೆಗೆ ಸರಿಸಬಾರದು, ಹೆಸರು ಬದಲಿಸಬಾರದು.

8. ಧ್ವನಿ

ಅನೇಕ ವಿವಾಹ ಕ್ಯಾಸೆಟ್ಟುಗಳಲ್ಲಿ ಮೂಲ ಧ್ವನಿಯನ್ನು ತೆಗೆದು ಚಿತ್ರಗೀತೆಗಳನ್ನು ತುಂಬಿರುವುದು ಕಂಡುಬರುತ್ತದೆ. ಅಂತಹ ಕಡೆ ಮಾಡಬಹುದಾದುದು ಹೆಚ್ಚೇನೂ ಇಲ್ಲ. ಆದರೆ ಮನೆಯವರೇ ಚಿತ್ರಿಸಿದ ದೃಶ್ಯಗಳಲ್ಲಿ ಮೂಲ ಧ್ವನಿ ಸಾಮಾನ್ಯವಾಗಿ ಉಳಿದಿರುತ್ತದೆ. ಯಾರೋ ಯಾರನ್ನೋ ಕರೆಯುವುದು, ಅಜ್ಜಿ ಹೇಳುವ ಸೋಬಾನೆ, ಮಕ್ಕಳ ಗದ್ದಲ ಇವುಗಳನ್ನು ಅಳಿಸಿ ಹಾಡು ಹಾಕಿದಲ್ಲಿ ಚಿತ್ರವು ನೋಡಲು ಅಂದವಾಗಬಹುದು, ಆದರೆ ಆ ದಿನದ ಧ್ವನಿ ಚಿತ್ರದಿಂದ ಮರೆಯಾಗುತ್ತದೆ. ಸಂಗೀತ ಬೇಕಾದಲ್ಲಿ ಅದನ್ನು ಬೇರೆ ಪಟ್ಟಿಯಲ್ಲಿ ಹಾಕಿ, ಮಾತು ಬರುವ ಕಡೆ ಅದರ ಮಟ್ಟವನ್ನು ತಗ್ಗಿಸಬೇಕು. ಧ್ವನಿಯ ಮಾಪಕವು ಎಲ್ಲಿಯೂ 0 ಡೆಸಿಬಲ್ ಮುಟ್ಟದಂತೆ ನೋಡಿಕೊಳ್ಳಬೇಕು; ಮುಟ್ಟಿದಲ್ಲಿ ಧ್ವನಿ ಒಡೆಯುತ್ತದೆ.

9. ಕನ್ನಡದಲ್ಲಿ ಶೀರ್ಷಿಕೆ

ಫಿಲ್ಟರ್ಸ್ ವಿಭಾಗದ ‘ಟೆಕ್ಸ್ಟ್: ಸಿಂಪಲ್’ ಮೂಲಕ ಹೆಸರು, ದಿನಾಂಕ, ಸ್ಥಳಗಳನ್ನು ಬರೆಯಬಹುದು. ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಗಳಲ್ಲಿ ಟೈಪು ಮಾಡಿ ನಕಲಿಸಿದ ಪಠ್ಯವು ಇಲ್ಲಿ ಅರ್ಥವಾಗದ ಚಿಹ್ನೆಗಳಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲಿ ಟೈಪು ಮಾಡಿ, ನಿರ್ಮಲಾ ಯುಐ, ತುಂಗಾ ಅಥವಾ ನೋಟೋ ಸಾನ್ಸ್ ಕನ್ನಡ ಅಕ್ಷರಶೈಲಿಯನ್ನು ಆಯ್ಕೆ ಮಾಡಬೇಕು. ಒತ್ತಕ್ಷರಗಳು ಸರಿಯಾಗಿ ಮೂಡಿವೆಯೇ ಎಂದು ಪರಿಶೀಲಿಸಬೇಕು. ದೃಶ್ಯಪಟ್ಟಿಯಲ್ಲಿ ಗುರುತಿಸಿದ ಹಿರಿಯರ ಹೆಸರನ್ನು ಅವರು ಕಾಣುವ ಕಡೆ ನಾಲ್ಕೈದು ಸೆಕೆಂಡು ತೋರಿಸಿದಲ್ಲಿ ಮುಂದಿನ ಪೀಳಿಗೆಗೆ ಅನುಕೂಲವಾಗುತ್ತದೆ.

10. ಅಂತಿಮ ಕಡತ ಮತ್ತು ಭದ್ರತೆ

ಎಕ್ಸ್‌ಪೋರ್ಟ್ ವಿಭಾಗದಲ್ಲಿ ಮೊದಲೇ ನಿಗದಿಯಾಗಿರುವ ಆಯ್ಕೆಯು ಎಚ್.264 ಎಂ.ಪಿ.4 ಕಡತವನ್ನು ನೀಡುತ್ತದೆ. ಇದು ಮೊಬೈಲ್, ದೂರದರ್ಶನ ಮತ್ತು ಗಣಕಯಂತ್ರಗಳಲ್ಲಿ ಸಾಮಾನ್ಯವಾಗಿ ನಡೆಯುತ್ತದೆ. ಕಡತ ಸಿದ್ಧವಾದ ನಂತರ ಆದಿಯಿಂದ ಅಂತ್ಯದವರೆಗೆ ಒಮ್ಮೆ ವೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು.

ನಂತರ ಮೂಲ ಕಡತ, ಅಂತಿಮ ಚಿತ್ರ, ಪ್ರಾಜೆಕ್ಟ್ ಕಡತ ಹಾಗೂ ದೃಶ್ಯಪಟ್ಟಿಯ ಛಾಯಾಪ್ರತಿಯನ್ನು ಒಂದೇ ಫೋಲ್ಡರಿನಲ್ಲಿರಿಸಿ ಮೂರು ಪ್ರತಿಗಳನ್ನು ಮಾಡಬೇಕು. ಇವು ಕನಿಷ್ಠ ಎರಡು ಬಗೆಯ ಮಾಧ್ಯಮಗಳಲ್ಲಿರಬೇಕು; ಒಂದು ಪ್ರತಿ ಬೇರೆ ಮನೆಯಲ್ಲಿ ಅಥವಾ ಬೇರೆ ಊರಿನಲ್ಲಿರಬೇಕು. ಮನೆಗೆ ನೀರು ನುಗ್ಗಿದಲ್ಲಿ ಅಥವಾ ಗಣಕಯಂತ್ರ ಕಳುವಾದಲ್ಲಿ ಒಂದೇ ಬೀರುವಿನಲ್ಲಿರಿಸಿದ ಮೂರು ಪ್ರತಿಗಳಿಂದ ಪ್ರಯೋಜನವಿಲ್ಲ. ಹಾರ್ಡ್ ಡಿಸ್ಕ್ ಅಥವಾ ಪೆನ್ ಡ್ರೈವುಗಳನ್ನು ವರ್ಷಕ್ಕೊಮ್ಮೆ ತೆರೆದು ಪರಿಶೀಲಿಸಬೇಕು.

11. ಚಿತ್ರಗೀತೆಗಳ ಬಳಕೆ ಮತ್ತು ಒಪ್ಪಿಗೆ

ವಿವಾಹ ಮೆರವಣಿಗೆ ಹಾಗೂ ವಿವಾಹಕ್ಕೆ ಸಂಬಂಧಿಸಿದ ಸಾಮಾಜಿಕ ಸಮಾರಂಭಗಳಲ್ಲಿ ಸಂಗೀತ ನುಡಿಸುವುದಕ್ಕೆ ಕೃತಿಸ್ವಾಮ್ಯ ಅಧಿನಿಯಮ, 1957ರ 52ನೇ ಪ್ರಕರಣದಲ್ಲಿ ವಿನಾಯಿತಿ ಇರುತ್ತದೆ. ಆದರೆ ಸಮಾರಂಭದಲ್ಲಿ ಹಾಡು ನುಡಿಸುವುದು ಬೇರೆ, ಅದೇ ಹಾಡನ್ನು ವಿಡಿಯೋಗೆ ಜೋಡಿಸಿ ಅಂತರಜಾಲದಲ್ಲಿ ಪ್ರಕಟಿಸುವುದು ಬೇರೆ. ಹಾಗೆ ಪ್ರಕಟಿಸಿದಲ್ಲಿ ಹಕ್ಕುದಾರರ ಕೋರಿಕೆಯ ಮೇರೆಗೆ ವಿಡಿಯೋವನ್ನು ತಡೆಹಿಡಿಯಬಹುದು. ಸ್ವಂತ ಕುಟುಂಬದವರ ಹಾಡುಗಾರಿಕೆ ಅಥವಾ ಮುಕ್ತ ಪರವಾನಗಿಯ ಸಂಗೀತ ಬಳಸುವುದು ಸುರಕ್ಷಿತ. ಚಿತ್ರದಲ್ಲಿರುವವರ, ವಿಶೇಷವಾಗಿ ಮಕ್ಕಳ ಪೋಷಕರ ಒಪ್ಪಿಗೆಯಿಲ್ಲದೆ ಸಾರ್ವಜನಿಕವಾಗಿ ಪ್ರಕಟಿಸಬಾರದೆಂದು ಕೋರಲಾಗಿದೆ.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರ: ಹಳೆಯ ಚಿತ್ರಣ ಹೊಸ ದೂರದರ್ಶನದಲ್ಲಿ ಪೂರ್ಣ ಪರದೆ ತುಂಬುವುದಿಲ್ಲ. ಹಿಗ್ಗಿಸಬಹುದೇ?
ಉ: ಹಿಗ್ಗಿಸಬಾರದು. ಹಳೆಯ ಚಿತ್ರದ ಅಳತೆ 4:3, ಈಗಿನ ಪರದೆಯದು 16:9. ಹಿಗ್ಗಿಸಿದಲ್ಲಿ ಮುಖಗಳು ಅಗಲವಾಗಿ ಕಾಣುತ್ತವೆ. ಎರಡೂ ಬದಿ ಕಪ್ಪು ಪಟ್ಟಿ ಇರಲು ಬಿಡುವುದು ಸರಿ.

ಪ್ರ: ಕೈ ಬೀಸಿದಾಗ ಅಂಚುಗಳಲ್ಲಿ ಬಾಚಣಿಗೆಯಂತಹ ಗೆರೆಗಳು ಏಕೆ ಕಾಣುತ್ತವೆ?
ಉ: ಹಳೆಯ ಪದ್ಧತಿಯಲ್ಲಿ ಪ್ರತಿ ಚೌಕಟ್ಟನ್ನು ಬೆಸ ಗೆರೆ ಮತ್ತು ಸಮ ಗೆರೆಗಳ ಎರಡು ಅರ್ಧಗಳಾಗಿ ದಾಖಲಿಸಲಾಗುತ್ತಿತ್ತು. ಡಿಇಂಟರ್‌ಲೇಸ್ ಎಂಬ ಕ್ರಿಯೆಯಿಂದ ಇದನ್ನು ಸರಿಪಡಿಸಬಹುದು. ಇದನ್ನು ಕೆಲಸದ ಪ್ರತಿಗೆ ಮಾತ್ರ ಅನ್ವಯಿಸಬೇಕು.

ಪ್ರ: ಮೊಬೈಲ್ ದೃಶ್ಯದಲ್ಲಿ ತುಟಿಯ ಚಲನೆಗೂ ಮಾತಿಗೂ ಹೊಂದಾಣಿಕೆ ಇಲ್ಲ.
ಉ: ಮೊಬೈಲ್‌ಗಳು ಸೆಕೆಂಡಿಗೆ ಒಂದೇ ಸಂಖ್ಯೆಯ ಚೌಕಟ್ಟುಗಳನ್ನು ದಾಖಲಿಸದೆ ಇರುವುದು ಇದಕ್ಕೆ ಸಾಮಾನ್ಯ ಕಾರಣ. ಶಾಟ್‌ಕಟ್ ನೀಡುವ ‘ಕನ್ವರ್ಟ್ ಟು ಎಡಿಟ್ ಫ್ರೆಂಡ್ಲಿ’ ಸೌಲಭ್ಯವನ್ನು ಬಳಸಬಹುದು.

ಪ್ರ: ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳಿಂದ ಹಳೆಯ ಮುಖಗಳನ್ನು ಸ್ಪಷ್ಟಗೊಳಿಸಬಹುದೇ?
ಉ: ಚಿತ್ರಣದಲ್ಲಿ ಇಲ್ಲದ ವಿವರಗಳನ್ನು ಅಂತಹ ತಂತ್ರಾಂಶಗಳು ಊಹಿಸಿ ತುಂಬುತ್ತವೆ. ಪರಿಣಾಮವಾಗಿ ಮುಖವು ಸ್ಪಷ್ಟವಾದರೂ ಅದು ಆ ವ್ಯಕ್ತಿಯ ನಿಜವಾದ ಮುಖವಾಗಿರದಿರಬಹುದು. ಮಸುಕಾದ ಮೂಲವನ್ನು ತಪ್ಪದೇ ಉಳಿಸಿಕೊಳ್ಳತಕ್ಕದ್ದು.

ಪ್ರ: ವರ್ಗಾವಣೆಯನ್ನು ಸ್ಟುಡಿಯೋದಲ್ಲಿ ಮಾಡಿಸುವಾಗ ಏನು ಗಮನಿಸಬೇಕು?
ಉ: ಕ್ಯಾಸೆಟ್ಟಿನ ಮೇಲೆ ಹೆಸರು ಮತ್ತು ಸಂಖ್ಯೆ ಬರೆದು, ರಸೀದಿ ಪಡೆದು ನೀಡುವುದು. ಯಾವುದೇ ಭಾಗ ಕತ್ತರಿಸದ ಪೂರ್ಣ ಕಡತವನ್ನು ಕೇಳುವುದು. ಕ್ಯಾಸೆಟ್ಟನ್ನು ಮರಳಿ ಪಡೆಯುವುದು.

13. ಸಾರ್ವಜನಿಕರ ಗಮನಕ್ಕೆ

ಆರಂಭಿಕರು ಮೊದಲ ಪ್ರಯತ್ನದಲ್ಲಿಯೇ ಇಡೀ ವಿವಾಹದ ಚಿತ್ರಣಕ್ಕೆ ಕೈ ಹಾಕದೆ, ಮೊಬೈಲಿನಲ್ಲಿರುವ ಐದು ನಿಮಿಷದ ದೃಶ್ಯವೊಂದನ್ನು ಒಂದು ನಿಮಿಷಕ್ಕೆ ಇಳಿಸಿ ಅಭ್ಯಾಸ ಮಾಡುವುದು ಸೂಕ್ತ. ಸಂಕಲನದಲ್ಲಿ ಆದ ತಪ್ಪನ್ನು ಮೂಲ ಕಡತವಿರುವವರೆಗೆ ಎಷ್ಟು ಬಾರಿಯಾದರೂ ಸರಿಪಡಿಸಬಹುದು. ಕೆಟ್ಟುಹೋದ ಟೇಪು ಮತ್ತು ಕೇಳದೆ ಉಳಿದ ಹೆಸರುಗಳ ವಿಷಯದಲ್ಲಿ ಅಂತಹ ಅವಕಾಶ ಇರುವುದಿಲ್ಲ. ಆದುದರಿಂದ ಮನೆಯಲ್ಲಿರುವ ಕ್ಯಾಸೆಟ್ ಮತ್ತು ಡಿಸ್ಕುಗಳ ಪಟ್ಟಿಯನ್ನು ಮೊದಲು ಸಿದ್ಧಪಡಿಸಿಕೊಂಡು, ಅತ್ಯಂತ ಹಳೆಯದರಿಂದ ವರ್ಗಾವಣೆ ಆರಂಭಿಸುವಂತೆ ನಾಗರಿಕರನ್ನು ಕೋರಲಾಗಿದೆ.